ಸ್ಪೆಕ್ಟ್ರೋಗ್ರಾಮ್‌ನಲ್ಲಿ ಬಣ್ಣಗಳ ಹೊಂದಾಣಿಕೆ ಮತ್ತು ಮಾರ್ಕರ್‌ಗಳ ಬಳಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಧ್ವನಿ ಸಂಪಾದನೆ, ಉಚ್ಚಾರಣೆಯ ಅಧ್ಯಯನ, ಹಕ್ಕಿ ಮತ್ತು ಬಾವಲಿಗಳ ಕೂಗಿನ ದಾಖಲೆ, ಯಂತ್ರಗಳ ಕಂಪನ ಪರೀಕ್ಷೆ, ರೇಡಿಯೋ ಸಂಕೇತಗಳ ವೀಕ್ಷಣೆ ಹೀಗೆ ಬೇರೆ ಬೇರೆ ಕೆಲಸಗಳಲ್ಲಿ ತೊಡಗಿರುವವರಿಗೂ ಸ್ಪೆಕ್ಟ್ರೋಗ್ರಾಮ್ (ಧ್ವನಿಯ ಆವರ್ತನಗಳು ಕಾಲದೊಂದಿಗೆ ಹೇಗೆ ಬದಲಾಗುತ್ತವೆ ಎಂದು ತೋರಿಸುವ ಚಿತ್ರ) ತೆರೆದಾಗ ಏಳುವ ಸಂದೇಹಗಳು ಬಹುಮಟ್ಟಿಗೆ ಒಂದೇ ಬಗೆಯವು. ಬಣ್ಣ ಸರಿಯಾಗಿ ಕೂಡುತ್ತಿಲ್ಲ ಎಂಬುದು ಮೊದಲನೆಯದು. ಗುರುತು ಹಾಕಿದ ಜಾಗವನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದು ಎರಡನೆಯದು. ಈ ಪುಟದಲ್ಲಿ ಅವೆರಡನ್ನೇ ಕುರಿತು ಉತ್ತರಗಳಿವೆ. ಬೇರೆ ಹೇಳದಿದ್ದಲ್ಲಿ, ಲೆಕ್ಕಗಳಿಗೆ ಸೆಕೆಂಡಿಗೆ 44,100 ಸ್ಯಾಂಪಲ್‌ಗಳ (ಧ್ವನಿಮಟ್ಟದ ಬಿಡಿ ಅಳತೆಗಳ) ಧ್ವನಿ, 2048 ಸ್ಯಾಂಪಲ್ ಗಾತ್ರದ ಹ್ಯಾನ್ ವಿಂಡೋ (ಲೆಕ್ಕಕ್ಕಾಗಿ ಒಮ್ಮೆಗೆ ಕತ್ತರಿಸಿಕೊಳ್ಳುವ, ಎರಡೂ ಅಂಚುಗಳತ್ತ ಸೊನ್ನೆಗೆ ಇಳಿಯುವ ತುಣುಕು) ಎಂದು ಇಟ್ಟುಕೊಳ್ಳಲಾಗಿದೆ.

ಸ್ಪೆಕ್ಟ್ರೋಗ್ರಾಮ್‌ನಲ್ಲಿ ಕಾಣುವ ಬಣ್ಣದ ಅರ್ಥವೇನು?

ಅಡ್ಡಲಾಗಿ ಕಾಲ, ಉದ್ದಕ್ಕೆ ಆವರ್ತನ ಇರುವ ಚಿತ್ರದಲ್ಲಿ ಮೂರನೆಯ ಅಳತೆಯಾದ ತೀವ್ರತೆಗೆ ಬೇರೆ ಅಕ್ಷ ಉಳಿದಿರುವುದಿಲ್ಲ. ಆದ್ದರಿಂದ ಅದನ್ನು ಬಣ್ಣದ ಮೂಲಕ ತೋರಿಸಲಾಗುತ್ತದೆ. ತಂತ್ರಾಂಶವು ಧ್ವನಿಯನ್ನು ಒಂದರ ಮೇಲೊಂದು ಸ್ವಲ್ಪ ಹಾಯುವಂತೆ ಸಣ್ಣ ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕಿನಲ್ಲಿ ಯಾವ ಆವರ್ತನ ಎಷ್ಟು ಪ್ರಬಲವಾಗಿದೆ ಎಂದು ಲೆಕ್ಕ ಹಾಕಿ, ಆ ಬೆಲೆಯನ್ನು ಡೆಸಿಬೆಲ್‌ಗೆ ಪರಿವರ್ತಿಸಿ, ಕೊನೆಗೆ ಆ ಡೆಸಿಬೆಲ್ ಬೆಲೆಗೆ ಬಣ್ಣಪಟ್ಟಿಯಿಂದ ಒಂದು ಬಣ್ಣವನ್ನು ಆರಿಸುತ್ತದೆ. ಡಿಜಿಟಲ್ ಧ್ವನಿಯಲ್ಲಿ ದಾಖಲಿಸಬಹುದಾದ ಗರಿಷ್ಠ ಮಟ್ಟವನ್ನು 0 ಡೆಸಿಬೆಲ್ ಎಂದು ಹಿಡಿಯುವುದರಿಂದ ಉಳಿದ ಬೆಲೆಗಳೆಲ್ಲ ಋಣ ಸಂಖ್ಯೆಗಳಾಗಿರುತ್ತವೆ.

ಹಳದಿ ಎಂದರೆ ಇಷ್ಟು ಡೆಸಿಬೆಲ್, ನೀಲಿ ಎಂದರೆ ಇಷ್ಟು ಎಂಬ ನಿಯಮ ಎಲ್ಲಿಯೂ ಇಲ್ಲ. ಬಣ್ಣಪಟ್ಟಿಯ ಕೆಳತುದಿ ಯಾವ ಡೆಸಿಬೆಲ್‌ಗೆ, ಮೇಲುತುದಿ ಯಾವ ಡೆಸಿಬೆಲ್‌ಗೆ ಕೂಡಬೇಕು ಎಂಬುದನ್ನು ನಾವು ತೀರ್ಮಾನಿಸುತ್ತೇವೆ, ಇಲ್ಲವೇ ನಮ್ಮನ್ನು ಕೇಳದೆ ತಂತ್ರಾಂಶವೇ ತೀರ್ಮಾನಿಸಿರುತ್ತದೆ. ಕೆಳತುದಿಗಿಂತ ಕಡಿಮೆ ಇರುವುದೆಲ್ಲ ಒಂದೇ ಕಪ್ಪು. ಮೇಲುತುದಿಗಿಂತ ಹೆಚ್ಚು ಇರುವುದೆಲ್ಲ ಒಂದೇ ಬಿಳಿ. ಈ ಎರಡು ಸಂಖ್ಯೆಗಳು ಗೊತ್ತಿಲ್ಲದೆ ಚಿತ್ರವನ್ನು ನೋಡಬಹುದೇ ಹೊರತು ಓದಲಾಗದು.

ಫೈಲ್ ತೆರೆದರೆ ಚಿತ್ರವೆಲ್ಲ ಕಪ್ಪಾಗಿದೆ, ಅಥವಾ ಎಲ್ಲೆಡೆ ಬಣ್ಣ ತುಂಬಿಕೊಂಡು ಏನೂ ತಿಳಿಯುತ್ತಿಲ್ಲ. ಎಲ್ಲಿಂದ ಆರಂಭಿಸಬೇಕು?

ಬಣ್ಣಪಟ್ಟಿಯನ್ನು ಬದಲಾಯಿಸುವುದರಿಂದ ಆರಂಭಿಸಬಾರದು. ಬಹಳ ಜನ ಮಾಡುವುದು ಅದನ್ನೇ. ಆದರೆ ಕಾಣದೆ ಇರುವುದಕ್ಕೆ ಕಾರಣ ಹೆಚ್ಚಿನ ಸಂದರ್ಭಗಳಲ್ಲಿ ಪಟ್ಟಿಯ ಎರಡು ತುದಿಗಳು ತಪ್ಪಾದ ಜಾಗದಲ್ಲಿರುವುದೇ ಆಗಿರುತ್ತದೆ.

ಮೊದಲು ಧ್ವನಿಯಲ್ಲಿ ಹಿನ್ನೆಲೆಯ ಗದ್ದಲ ಮಾತ್ರ ಇರುವ ಒಂದು ತುಣುಕನ್ನು ಆರಿಸಿ, ಅದರ ರೋಹಿತವನ್ನು (ಯಾವ ಆವರ್ತನ ಎಷ್ಟು ಪ್ರಬಲ ಎಂಬುದನ್ನು) ಗೆರೆಚಿತ್ರವಾಗಿ ತೆರೆದು, ಆಸಕ್ತಿಯ ಆವರ್ತನಗಳ ಸುತ್ತ ಮಟ್ಟ ಎಷ್ಟಿದೆ ಎಂದು ನೋಡಬೇಕು. ಅದು -88 ಡೆಸಿಬೆಲ್ ಎಂದಿಟ್ಟುಕೊಳ್ಳೋಣ. ಅನಂತರ ಅತ್ಯಂತ ಜೋರಾದ ಭಾಗದ ತುದಿಬೆಲೆಯನ್ನು ನೋಡಬೇಕು. ಅದು -27 ಆಗಿರಲಿ. ಈಗ ಕೆಳತುದಿಯನ್ನು ಗದ್ದಲಕ್ಕಿಂತ ತುಸು ಮೇಲೆ, ಅಂದರೆ -85ಕ್ಕೆ, ಮೇಲುತುದಿಯನ್ನು ತುದಿಬೆಲೆಗಿಂತ ತುಸು ಮೇಲೆ, ಅಂದರೆ -25ಕ್ಕೆ ಇಟ್ಟರೆ 60 ಡೆಸಿಬೆಲ್ ಹರವು ಸಿಗುತ್ತದೆ. ಗದ್ದಲದ ಬಹುಪಾಲು ಕಪ್ಪಿನಲ್ಲಿ ಮುಳುಗಿ, ಅದರ ಏರಿಳಿತದ ಚುಕ್ಕೆಗಳಷ್ಟೇ ಅಲ್ಲಲ್ಲಿ ಮಿನುಗುತ್ತವೆ. ಆ ಚುಕ್ಕೆಗಳು ಕಾಣುವುದು ಒಳ್ಳೆಯದೇ. ಗದ್ದಲದ ಸುಳಿವೇ ಇಲ್ಲದಂತೆ ಕೆಳತುದಿಯನ್ನು ಏರಿಸಿದರೆ ಚಿತ್ರ ಅಚ್ಚುಕಟ್ಟಾಗಿ ಕಾಣುವುದು ನಿಜ, ಆದರೆ ಅದರೊಂದಿಗೆ ಕ್ಷೀಣವಾದ ಹಾರ್ಮೋನಿಕ್‌ಗಳೂ (ಮೂಲ ಆವರ್ತನದ ಎರಡು, ಮೂರು ಪಟ್ಟು ಹೀಗೆ ಮೇಲೆ ಕಾಣುವ ಗೆರೆಗಳು) ದೂರದ ಕೂಗುಗಳೂ ಸದ್ದಿಲ್ಲದೆ ಅಳಿಸಿಹೋಗಿರುತ್ತವೆ.

16 ಬಿಟ್ ಧ್ವನಿಯ ಸೈದ್ಧಾಂತಿಕ ವ್ಯಾಪ್ತಿ ಸುಮಾರು 96 ಡೆಸಿಬೆಲ್. ಅದನ್ನೆಲ್ಲ ಒಂದೇ ಚಿತ್ರದಲ್ಲಿ ಹಿಡಿಯಲು ಹೊರಟರೆ ಬಣ್ಣಗಳು ಹಿಗ್ಗಿ, 3 ಡೆಸಿಬೆಲ್ ವ್ಯತ್ಯಾಸ ಕಣ್ಣಿಗೆ ಬೀಳದಂತಾಗುತ್ತದೆ. ಮಾತಿನ ಧ್ವನಿಗೆ 50ರಿಂದ 70, ಹೊರಾಂಗಣದ ಧ್ವನಿಮುದ್ರಣಗಳಿಗೆ 40ರಿಂದ 60 ಡೆಸಿಬೆಲ್ ಹರವಿನಿಂದ ಆರಂಭಿಸುವುದು ಅನುಕೂಲ.

ಗೇನ್, ರೇಂಜ್, ಬ್ರೈಟ್‌ನೆಸ್, ಕಾಂಟ್ರಾಸ್ಟ್ ಎಂದು ಬೇರೆ ಬೇರೆ ತಂತ್ರಾಂಶಗಳು ಹೇಳುವುದು ಒಂದನ್ನೇ?

ಹೆಸರು ಬೇರೆಯಾದರೂ ಎಲ್ಲವೂ ಆ ಎರಡು ತುದಿಗಳನ್ನೇ ಸರಿಸುತ್ತವೆ. ಧ್ವನಿ ಸಂಪಾದನೆಯ ತಂತ್ರಾಂಶವಾದ ಆಡಾಸಿಟಿಯಲ್ಲಿ ಗೇನ್ 20 ಎಂದಿದ್ದರೆ -20 ಡೆಸಿಬೆಲ್ ಮಟ್ಟದ ಸಂಕೇತವು ಅತ್ಯಂತ ಪ್ರಕಾಶದ ಬಣ್ಣವನ್ನು ಪಡೆಯುತ್ತದೆ; ರೇಂಜ್ 80 ಎಂದರೆ ಅದಕ್ಕಿಂತ 80 ಡೆಸಿಬೆಲ್ ಕೆಳಗಿನದು ಕಾಣುವುದಿಲ್ಲ. ಇವೆರಡೂ ಅದರ ಮೂಲ ಬೆಲೆಗಳು. ಮೇಲಿನ ಉದಾಹರಣೆಯ -25 ಮತ್ತು -85 ಬೇಕಾದರೆ ಗೇನ್ 25, ರೇಂಜ್ 60 ಎಂದು ಕೊಡಬೇಕು. ಇಲ್ಲಿ ಗೇನ್ ಎಂಬುದು ಚಿತ್ರಕ್ಕೆ ಮಾತ್ರ ಸಂಬಂಧಿಸಿದ್ದು; ಧ್ವನಿಯ ಮಟ್ಟ ಕೂದಲೆಳೆಯಷ್ಟೂ ಬದಲಾಗುವುದಿಲ್ಲ.

ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯದ ರೇವನ್ ತಂತ್ರಾಂಶದಲ್ಲಿ ಬ್ರೈಟ್‌ನೆಸ್ ಮತ್ತು ಕಾಂಟ್ರಾಸ್ಟ್ ಎಂಬ ಎರಡು ಸರಿಸುಪಟ್ಟಿಗಳಿವೆ. ಬ್ರೈಟ್‌ನೆಸ್ ಎರಡೂ ತುದಿಗಳನ್ನು ಒಟ್ಟಿಗೆ ಸರಿಸುತ್ತದೆ, ಕಾಂಟ್ರಾಸ್ಟ್ ಅವುಗಳ ನಡುವಿನ ಅಂತರವನ್ನು ಹಿಗ್ಗಿಸುತ್ತದೆ ಅಥವಾ ಕುಗ್ಗಿಸುತ್ತದೆ ಎಂದು ತಿಳಿದುಕೊಂಡರೆ ಸಾಕು. ಪೈಥಾನ್ ಭಾಷೆಯಲ್ಲಿ ಚಿತ್ರ ಬಿಡಿಸಲು ಬಳಸುವ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ವಿಮಿನ್, ವಿಮ್ಯಾಕ್ಸ್ ಎಂದು ನೇರವಾಗಿ ಎರಡು ಸಂಖ್ಯೆಗಳನ್ನೇ ಕೊಡಬಹುದು. ಸಂಖ್ಯೆ ಕೊಡುವ ಅವಕಾಶ ಇರುವಲ್ಲೆಲ್ಲ ಅದನ್ನೇ ಬಳಸುವುದು ಉತ್ತಮ, ಏಕೆಂದರೆ ಸರಿಸುಪಟ್ಟಿಯನ್ನು ಎಲ್ಲಿ ನಿಲ್ಲಿಸಿದ್ದೆವು ಎಂಬುದು ಮರುದಿನ ನೆನಪಿರುವುದಿಲ್ಲ.

ಸ್ವಯಂಚಾಲಿತ ಹೊಂದಾಣಿಕೆಯನ್ನು ಹಾಗೆಯೇ ಬಿಡಬಹುದೇ?

ಒಂದು ಫೈಲನ್ನು ಮೊದಲ ಬಾರಿ ಕಣ್ಣಾಡಿಸಲು ಬಿಡಬಹುದು. ಎರಡು ಭಾಗಗಳನ್ನು ಹೋಲಿಸಲು ಬಿಡಬಾರದು. ಆಮ್‌ಸ್ಟರ್‌ಡಾಮ್ ವಿಶ್ವವಿದ್ಯಾಲಯದ ಪೌಲ್ ಬೋರ್ಸ್ಮಾ ಮತ್ತು ಡೇವಿಡ್ ವೀನಿಂಕ್ ರೂಪಿಸಿದ, ಮಾತಿನ ಧ್ವನಿಯ ಅಧ್ಯಯನದ ತಂತ್ರಾಂಶವಾದ ಪ್ರಾಟ್‌ನಲ್ಲಿ ಆಟೋಸ್ಕೇಲಿಂಗ್ (ಸ್ವಯಂಚಾಲಿತ ಹೊಂದಾಣಿಕೆ) ಮೊದಲಿನಿಂದಲೇ ಚಾಲೂ ಇರುತ್ತದೆ. ಪರದೆಯ ಮೇಲೆ ಆ ಹೊತ್ತಿಗೆ ಕಾಣುತ್ತಿರುವ ಭಾಗದಲ್ಲಿ ಯಾವುದು ಅತಿ ಪ್ರಬಲವೋ ಅದನ್ನೇ ಮೇಲುತುದಿಯಾಗಿ ಹಿಡಿಯುವುದರಿಂದ, ಧ್ವನಿಯನ್ನು ಮುಂದಕ್ಕೆ ಸರಿಸಿದಂತೆ ಒಂದೇ ವ್ಯಂಜನ ಒಮ್ಮೆ ದಟ್ಟವಾಗಿಯೂ ಇನ್ನೊಮ್ಮೆ ಮಸುಕಾಗಿಯೂ ಕಾಣುತ್ತದೆ. ಪಕ್ಕದ ಸ್ವರ ಪರದೆಯಿಂದ ಆಚೆ ಸರಿದದ್ದೇ ಇದಕ್ಕೆ ಕಾರಣ. ಉಚ್ಚಾರಣೆಯಲ್ಲಿ ವ್ಯತ್ಯಾಸವಿದೆ ಎಂದು ತೀರ್ಮಾನಿಸುವ ಮೊದಲು ಈ ಆಯ್ಕೆಯನ್ನು ನಿಲ್ಲಿಸಿ, ಗರಿಷ್ಠ ಬೆಲೆಯನ್ನು ಕೈಯಾರೆ ನಿಗದಿಪಡಿಸಬೇಕು.

ಕೆಲವು ತಂತ್ರಾಂಶಗಳು ಪ್ರತಿ ಕಾಲಕಂಬವನ್ನೂ ಬೇರೆ ಬೇರೆಯಾಗಿ ಸಮಗೊಳಿಸುವ ಸೌಲಭ್ಯ ಕೊಡುತ್ತವೆ; ಸಾನಿಕ್ ವಿಶುಯಲೈಸರ್‌ನಲ್ಲಿ ಇದು ಇದೆ. ರಾಗದ ಸಂಚಾರದಂಥ, ಯಾವ ಆವರ್ತನ ಮುಖ್ಯ ಎಂಬುದಷ್ಟೇ ಬೇಕಾದ ಕಡೆ ಇದು ತುಂಬ ಉಪಯುಕ್ತ. ಆದರೆ ಆ ಸ್ಥಿತಿಯಲ್ಲಿ ಮೌನವೂ ಬಣ್ಣದಿಂದ ತುಂಬಿ ತುಳುಕುತ್ತದೆ ಎಂಬುದನ್ನು ಮರೆಯಬಾರದು.

ಯಾವ ಬಣ್ಣಪಟ್ಟಿ ಒಳ್ಳೆಯದು? ಕಾಮನಬಿಲ್ಲಿನಂಥ ಪಟ್ಟಿಯನ್ನು ಬಳಸಬೇಡಿ ಎನ್ನುವುದೇಕೆ?

ಒಳ್ಳೆಯ ಬಣ್ಣಪಟ್ಟಿಯಲ್ಲಿ ಡೆಸಿಬೆಲ್ ಏರಿದಂತೆ ಪ್ರಕಾಶವೂ ಒಂದೇ ಸಮನೆ ಏರಬೇಕು. ಬಹುಕಾಲ ಬಳಕೆಯಲ್ಲಿದ್ದ ಜೆಟ್ ಎಂಬ ಪಟ್ಟಿಯಲ್ಲಿ ಹಾಗಾಗುವುದಿಲ್ಲ. ಅದು ಕಡುನೀಲಿಯಿಂದ ಹೊರಟು, ತಿಳಿನೀಲಿ, ಹಸಿರು, ಹಳದಿಗಳನ್ನು ಹಾದು, ಕಡುಕೆಂಪಿಗೆ ಮುಗಿಯುತ್ತದೆ. ಹೆಚ್ಚು ಹೊಳೆಯುವುದು ನಡುವಿನ ತಿಳಿನೀಲಿ ಮತ್ತು ಹಳದಿ. ಎರಡು ತುದಿಗಳೂ ಕಪ್ಪಿನತ್ತ ವಾಲುತ್ತವೆ. ಇದರಿಂದ ಎರಡು ತೊಂದರೆಗಳಾಗುತ್ತವೆ. ತೀವ್ರತೆ ನುಣ್ಣಗೆ ಏರುತ್ತಿರುವ ಕಡೆಯೂ ತಿಳಿನೀಲಿ ಮತ್ತು ಹಳದಿಯ ಸುತ್ತ ಇಲ್ಲದ ಅಂಚುಗಳು ಕಾಣಿಸಿಕೊಂಡು, ಅಲ್ಲೊಂದು ಘಟನೆ ನಡೆದಂತೆ ಭ್ರಮೆ ಹುಟ್ಟುತ್ತದೆ. ಅದೇ ಚಿತ್ರವನ್ನು ಕಪ್ಪುಬಿಳುಪಿನಲ್ಲಿ ಮುದ್ರಿಸಿದರೆ ಅತ್ಯಂತ ಜೋರಾದ ಭಾಗವೂ ಅತ್ಯಂತ ಕ್ಷೀಣವಾದ ಭಾಗವೂ ಒಂದೇ ಬೂದುಬಣ್ಣಕ್ಕೆ ಬಂದು ನಿಲ್ಲುತ್ತವೆ.

ಈ ಕಾರಣಗಳಿಂದಲೇ ಮ್ಯಾಟ್‌ಲ್ಯಾಬ್ 2014ರಲ್ಲಿ ತನ್ನ ಮೂಲ ಪಟ್ಟಿಯನ್ನು ಜೆಟ್‌ನಿಂದ ಪರುಲಾಗೆ ಬದಲಿಸಿತು. ಮ್ಯಾಟ್‌ಪ್ಲಾಟ್‌ಲಿಬ್ ತನ್ನ 2.0 ಆವೃತ್ತಿಯಿಂದ ವಿರಿಡಿಸ್ ಅನ್ನು ಮೂಲ ಪಟ್ಟಿಯಾಗಿ ಮಾಡಿಕೊಂಡಿತು. ವಿರಿಡಿಸ್‌ನ ಜೊತೆಗೆ ಬಂದ ಮ್ಯಾಗ್ಮಾ ಮತ್ತು ಇನ್‌ಫರ್ನೋ ಕಪ್ಪಿನಿಂದ ಆರಂಭವಾಗುತ್ತವೆ. ಸ್ಪೆಕ್ಟ್ರೋಗ್ರಾಮ್‌ಗೆ ಈ ಎರಡೇ ಹೆಚ್ಚು ಹೊಂದುತ್ತವೆ ಎಂಬುದು ನಮ್ಮ ಅಭಿಪ್ರಾಯ: ಮೌನ ಕಪ್ಪಾಗಿಯೇ ಕಾಣುವುದರಿಂದ ಕಣ್ಣು ಸಂಕೇತದ ಕಡೆಗೆ ತಾನಾಗಿ ಹೋಗುತ್ತದೆ. ವಿರಿಡಿಸ್‌ನಲ್ಲಿ ಮೌನವೂ ಕಡುನೇರಳೆಯಾಗಿರುವುದು ಕೆಲವರಿಗೆ ಕಿರಿಕಿರಿ ಎನಿಸುತ್ತದೆ. ಗೂಗಲ್ 2019ರಲ್ಲಿ ಪ್ರಕಟಿಸಿದ ಟರ್ಬೋ, ಕಾಮನಬಿಲ್ಲಿನ ಬಣ್ಣಗಳನ್ನು ಉಳಿಸಿಕೊಂಡು ಜೆಟ್‌ನ ಸುಳ್ಳು ಅಂಚುಗಳನ್ನು ಬಹುಮಟ್ಟಿಗೆ ತಗ್ಗಿಸಿದೆ. ಹಾಗಿದ್ದರೂ ಅದರ ಎರಡು ತುದಿಗಳು ಇನ್ನೂ ಕಪ್ಪಾಗಿಯೇ ಇರುವುದರಿಂದ ಮುದ್ರಣಕ್ಕೆ ಅದು ಸಲ್ಲದು.

ಬಣ್ಣಗುರುಡು ಇರುವವರಿಗೂ ತಿಳಿಯುವಂತೆ ಮಾಡುವುದು ಹೇಗೆ?

ಕೆಂಪು ಹಸಿರುಗಳನ್ನು ಬೇರ್ಪಡಿಸಿ ನೋಡಲಾಗದ ತೊಂದರೆ ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ಸುಮಾರು ಶೇಕಡಾ 8ರಷ್ಟು ಮಂದಿಗೆ ಇದೆ. ಉಳಿದ ಜನಸಮುದಾಯಗಳಲ್ಲಿ ಪ್ರಮಾಣ ಹೆಚ್ಚುಕಡಿಮೆಯಾಗುತ್ತದೆಯೇ ಹೊರತು ಇಲ್ಲವೇ ಇಲ್ಲ ಎನ್ನುವಂತಿಲ್ಲ. ಪ್ರಕಾಶ ಒಂದೇ ದಿಕ್ಕಿನಲ್ಲಿ ಏರುವ ಯಾವುದೇ ಪಟ್ಟಿಯನ್ನು ಅವರು ಓದಬಲ್ಲರು. ಈ ಉದ್ದೇಶಕ್ಕೇ ರೂಪಿಸಿದ ಸಿವಿಡಿಸ್ ನೀಲಿಯಿಂದ ಹಳದಿಗೆ ಸಾಗುತ್ತದೆ. ಪರೀಕ್ಷೆ ಸುಲಭ: ಪರದೆಯ ಚಿತ್ರವನ್ನು ಕಪ್ಪುಬಿಳುಪಿಗೆ ಪರಿವರ್ತಿಸಿ ನೋಡಿ. ಯಾವ ಭಾಗ ಪ್ರಬಲ ಎಂದು ಆಗಲೂ ಹೇಳಲು ಸಾಧ್ಯವಾದರೆ ಪಟ್ಟಿ ಸರಿಯಾಗಿದೆ.

ಕಾಗದದ ಮೇಲೆ ಮುದ್ರಿಸಬೇಕಾದರೆ?

ಬಿಳಿ ಹಿನ್ನೆಲೆಯ ಮೇಲೆ ಪ್ರಬಲ ಭಾಗ ಕಪ್ಪಾಗಿ ಕಾಣುವ ತಲೆಕೆಳಗಾದ ಬೂದುಪಟ್ಟಿಯನ್ನು ಬಳಸಬೇಕು. ಬೆಲ್ ಪ್ರಯೋಗಾಲಯದಲ್ಲಿ 1940ರ ದಶಕದಲ್ಲಿ ರೂಪುಗೊಂಡ ಮೊದಲ ಸ್ಪೆಕ್ಟ್ರೋಗ್ರಾಫ್ ಯಂತ್ರವು ಕಾಗದವನ್ನು ಸುಟ್ಟು ಕಪ್ಪಾಗಿಸಿಯೇ ಚಿತ್ರ ಬಿಡಿಸುತ್ತಿತ್ತು. ಧ್ವನಿಶಾಸ್ತ್ರದ ಪುಸ್ತಕಗಳಲ್ಲಿ ಇಂದಿಗೂ ಅದೇ ರೂಢಿ ಉಳಿದಿದೆ. ಮುದ್ರಣದಲ್ಲಿ ಬೂದುಬಣ್ಣದ ಸೂಕ್ಷ್ಮ ಮೆಟ್ಟಿಲುಗಳು ಒಂದರೊಳಗೊಂದು ಸೇರಿಹೋಗುವುದರಿಂದ ಪರದೆಯ ಮೇಲಿನ ಹರವಿಗಿಂತ 10ರಿಂದ 15 ಡೆಸಿಬೆಲ್ ಕಡಿಮೆ ಇಟ್ಟರೆ ಚೆನ್ನ.

ಎತ್ತರದ ಆವರ್ತನಗಳು ಸದಾ ಮಂಕಾಗಿ ಕಾಣುತ್ತವೆ. ಅವುಗಳನ್ನು ಎತ್ತಿ ತೋರಿಸಬಹುದೇ?

ಮಾತು ಮತ್ತು ಸಂಗೀತದಲ್ಲಿ ಶಕ್ತಿಯ ಬಹುಪಾಲು ಕೆಳಗಿನ ಆವರ್ತನಗಳಲ್ಲಿ ಇರುವುದರಿಂದ ಹೀಗಾಗುವುದು ಸಹಜ. ಪ್ರಾಟ್ ತಾನಾಗಿಯೇ ಆಕ್ಟೇವ್ (ಆವರ್ತನ ಎರಡು ಪಟ್ಟಾಗುವ ಹಂತ) ಒಂದಕ್ಕೆ 6 ಡೆಸಿಬೆಲ್‌ನಂತೆ ಮೇಲಿನ ಆವರ್ತನಗಳನ್ನು ಎತ್ತಿ ತೋರಿಸುತ್ತದೆ. ಆಡಾಸಿಟಿಯಲ್ಲಿ ಇದೇ ಕೆಲಸಕ್ಕೆ ಹೈ ಬೂಸ್ಟ್ ಎಂಬ ಆಯ್ಕೆ ಇದೆ, ಆದರೆ ಅದರ ಲೆಕ್ಕ ಆಕ್ಟೇವ್‌ಗಲ್ಲ, ಆವರ್ತನ ಹತ್ತು ಪಟ್ಟಾಗುವ ಪ್ರತಿ ಹಂತಕ್ಕೆ; ಆಕ್ಟೇವ್‌ಗೆ 6 ಎಂಬುದು ಅಲ್ಲಿ ಸುಮಾರು 20 ಆಗುತ್ತದೆ. ಈ ಎತ್ತುವಿಕೆ ಜಾರಿಯಲ್ಲಿದ್ದಾಗ 500 ಹರ್ಟ್ಸ್ ಮತ್ತು 4000 ಹರ್ಟ್ಸ್‌ನಲ್ಲಿ ಒಂದೇ ಬಣ್ಣ ಕಂಡರೆ ಎರಡೂ ಸಮ ಎಂದು ಅರ್ಥವಲ್ಲ. ನಡುವೆ ಮೂರು ಆಕ್ಟೇವ್‌ಗಳಿವೆ. ಅಂದರೆ 4000 ಹರ್ಟ್ಸ್‌ನದು ವಾಸ್ತವದಲ್ಲಿ 18 ಡೆಸಿಬೆಲ್ ಕ್ಷೀಣವಾಗಿದೆ.

ವಿಂಡೋ ಗಾತ್ರವನ್ನಷ್ಟೇ ಬದಲಿಸಿದೆ, ಬಣ್ಣಗಳೂ ಬದಲಾದವು. ಇದು ದೋಷವೇ?

ದೋಷವಲ್ಲ. ನಿರಂತರವಾಗಿ ಮೊಳಗುವ ಒಂದೇ ಸ್ವರದ ಮಟ್ಟ ವಿಂಡೋ ಗಾತ್ರದೊಂದಿಗೆ ಬದಲಾಗದಂತೆ ಹೆಚ್ಚಿನ ತಂತ್ರಾಂಶಗಳು ಲೆಕ್ಕವನ್ನು ಸರಿದೂಗಿಸಿರುತ್ತವೆ. ಆದರೆ ಗದ್ದಲ ಎಲ್ಲ ಆವರ್ತನಗಳಲ್ಲೂ ಹರಡಿಕೊಂಡಿರುತ್ತದೆ. ವಿಂಡೋ ದ್ವಿಗುಣವಾದರೆ ಪ್ರತಿ ಆವರ್ತನ ಕೋಶದ ಅಗಲ ಅರ್ಧವಾಗಿ, ಅದಕ್ಕೆ ದಕ್ಕುವ ಗದ್ದಲ 3 ಡೆಸಿಬೆಲ್ ಇಳಿಯುತ್ತದೆ. ಕ್ಷಣಮಾತ್ರ ಇರುವ ಟಿಕ್ ಶಬ್ದವಾದರೆ 6 ಡೆಸಿಬೆಲ್ ಇಳಿಯುತ್ತದೆ. 1024ರಿಂದ 8192ಕ್ಕೆ ಹೋದಾಗ ಮೂರು ಬಾರಿ ದ್ವಿಗುಣವಾಗುವುದರಿಂದ ಸ್ವರ ಇದ್ದಲ್ಲೇ ಇದ್ದು, ಗದ್ದಲ 9 ಡೆಸಿಬೆಲ್, ಟಿಕ್ ಶಬ್ದ 18 ಡೆಸಿಬೆಲ್ ತಗ್ಗುತ್ತವೆ. ಹೀಗಾಗಿ ವಿಂಡೋ ಗಾತ್ರವನ್ನು ಮೊದಲು ಗೊತ್ತುಪಡಿಸಿ, ಬಣ್ಣದ ತುದಿಗಳನ್ನು ಆಮೇಲೆ ಹೊಂದಿಸಬೇಕು. ಕ್ರಮ ತಲೆಕೆಳಗಾದರೆ ಕೆಲಸ ಎರಡಾಗುತ್ತದೆ.

ಮಾರ್ಕರ್‌ಗಳಲ್ಲಿ ಎಷ್ಟು ಬಗೆಗಳಿವೆ?

ಕಾಲದ ಒಂದು ಕ್ಷಣವನ್ನು ಗುರುತಿಸುವ ಲಂಬ ಗೆರೆ, ಒಂದು ಆವರ್ತನವನ್ನು ಗುರುತಿಸುವ ಅಡ್ಡ ಗೆರೆ, ಕಾಲ ಮತ್ತು ಆವರ್ತನ ಎರಡರ ಎಲ್ಲೆಯನ್ನೂ ಸೂಚಿಸುವ ಚೌಕ, ಒಂದೇ ಬಿಂದುವಿನ ಮಟ್ಟವನ್ನು ಓದುವ ಚುಕ್ಕೆ ಇವು ಸಾಮಾನ್ಯವಾದವು. ಉಪಕರಣಗಳಲ್ಲಿ ಇವಲ್ಲದೆ ತುದಿಯನ್ನು ತಾನೇ ಹುಡುಕಿ ಕೂರುವ ಪೀಕ್ ಮಾರ್ಕರ್, ಎರಡು ಬಿಂದುಗಳ ವ್ಯತ್ಯಾಸ ಹೇಳುವ ಡೆಲ್ಟಾ ಮಾರ್ಕರ್, ಗದ್ದಲದ ಸಾಂದ್ರತೆ ಓದುವ ನಾಯ್ಸ್ ಮಾರ್ಕರ್ ಇರುತ್ತವೆ. ಬಣ್ಣ ಏನನ್ನು ತೋರಿಸಿದರೂ ಮಾರ್ಕರ್ ಓದಬೇಕಾದದ್ದು ಅದರ ಹಿಂದಿರುವ ಡೆಸಿಬೆಲ್ ಬೆಲೆಯನ್ನು. ಮೇಲುತುದಿಯನ್ನು ದಾಟಿ ಬಿಳಿಯಾಗಿರುವ ಜಾಗದ ಮೇಲೆ ಮಾರ್ಕರ್ ಇಟ್ಟಾಗಲೂ ನಿಜವಾದ ಬೆಲೆ ಬರುತ್ತದೆಯೇ ಎಂದು ನಿಮ್ಮ ತಂತ್ರಾಂಶದಲ್ಲಿ ಒಮ್ಮೆ ಪರೀಕ್ಷಿಸಿಕೊಳ್ಳುವುದು ಲೇಸು.

ಶಬ್ದ ಆರಂಭವಾಗುವ ಜಾಗಕ್ಕೆ ಮಾರ್ಕರ್ ಹಾಕಿದರೆ, ಕೇಳುವಾಗ ಮಾರ್ಕರ್ ಶಬ್ದಕ್ಕಿಂತ ಮೊದಲೇ ಬಂದಂತೆ ಇದೆ. ಏಕೆ?

ಮಾರ್ಕರ್‌ಗಳ ವಿಷಯದಲ್ಲಿ ಅತಿ ಹೆಚ್ಚು ಗೊಂದಲ ಇರುವುದು ಇಲ್ಲಿಯೇ. 2048 ಸ್ಯಾಂಪಲ್‌ಗಳ ವಿಂಡೋ ಎಂದರೆ 46 ಮಿಲಿಸೆಕೆಂಡ್ ಉದ್ದದ ತುಣುಕು. ಸರಿಯಾಗಿ 1.000 ಸೆಕೆಂಡ್ ಎಂಬ ಕ್ಷಣದಲ್ಲಿ ಒಂದು ಟಿಕ್ ಶಬ್ದ ಇದೆ ಎಂದುಕೊಳ್ಳಿ. ಆ ಟಿಕ್ ಅನ್ನು ತನ್ನೊಳಗೆ ಹಿಡಿದಿರುವ ಪ್ರತಿಯೊಂದು ತುಣುಕೂ ಅದನ್ನು ತೋರಿಸುತ್ತದೆ. ತುಣುಕಿನ ಕಾಲವನ್ನು ಅದರ ಮಧ್ಯಬಿಂದುವಿನಿಂದ ಲೆಕ್ಕ ಹಾಕುವ ತಂತ್ರಾಂಶದಲ್ಲಿ ಟಿಕ್ 0.977ರಿಂದ 1.023ರವರೆಗೆ ಹರಡಿದ ಲಂಬ ಪಟ್ಟೆಯಾಗಿ ಕಾಣುತ್ತದೆ; ಪಟ್ಟೆಯ ಎಡ ಅಂಚಿಗೆ ಮಾರ್ಕರ್ ಹಾಕಿದವರು 23 ಮಿಲಿಸೆಕೆಂಡ್ ಮುಂಚೆ ಹಾಕಿದಂತಾಯಿತು. ತುಣುಕಿನ ಆರಂಭದಿಂದ ಕಾಲ ಲೆಕ್ಕ ಹಾಕುವ ವ್ಯವಸ್ಥೆಯಲ್ಲಿ ಪಟ್ಟೆಯೆಲ್ಲ ಟಿಕ್‌ಗಿಂತ ಮೊದಲೇ ಬಂದು, ತಪ್ಪು 46 ಮಿಲಿಸೆಕೆಂಡ್‌ವರೆಗೆ ಹೋಗುತ್ತದೆ. ಪೈಥಾನ್‌ನ ಲಿಬ್ರೋಸಾದಲ್ಲಿ ಸೆಂಟರ್ ಎಂಬ ಆಯ್ಕೆ ಈ ಎರಡರ ನಡುವೆ ನಿರ್ಧರಿಸುತ್ತದೆ; ಮೊದಲಿಗೆ ಅದು ಮಧ್ಯಬಿಂದುವಿನ ಲೆಕ್ಕವನ್ನೇ ಅನುಸರಿಸುತ್ತದೆ.

ಇಲ್ಲಿ ಬಣ್ಣದ ಪಾತ್ರವೂ ಇದೆ. ಹ್ಯಾನ್ ವಿಂಡೋ ಅಂಚಿನತ್ತ ಸೊನ್ನೆಗೆ ಇಳಿಯುವುದರಿಂದ ಪಟ್ಟೆಯ ಎರಡೂ ಬದಿಗಳು ಕ್ರಮೇಣ ಕ್ಷೀಣವಾಗುತ್ತವೆ. ಟಿಕ್‌ನ ತುದಿಬೆಲೆಗೆ ಸರಿಯಾಗಿ ಮೇಲುತುದಿಯನ್ನಿಟ್ಟು ಹರವನ್ನು 20 ಡೆಸಿಬೆಲ್‌ಗೆ ಇಳಿಸಿದರೆ ಪಟ್ಟೆಯ ಅಗಲ 37 ಮಿಲಿಸೆಕೆಂಡ್. 80ಕ್ಕೆ ಏರಿಸಿದರೆ ಹೆಚ್ಚುಕಡಿಮೆ ಪೂರ್ತಿ 46. ಧ್ವನಿ ಒಂದೇ, ವಿಂಡೋ ಒಂದೇ. ಬಣ್ಣದ ಹರವನ್ನು ಬದಲಿಸಿದ ಮಾತ್ರಕ್ಕೆ ಘಟನೆಯ ಅವಧಿ 9 ಮಿಲಿಸೆಕೆಂಡ್ ಹಿಗ್ಗಿತು. ಹಲವರು ಸೇರಿ ಗುರುತು ಹಾಕುವ ಕೆಲಸಗಳಲ್ಲಿ ಒಬ್ಬರ ಅವಧಿಗಳು ಇನ್ನೊಬ್ಬರದ್ದಕ್ಕಿಂತ ಸತತವಾಗಿ ಉದ್ದವಾಗಿದ್ದರೆ, ಅವರ ಕಿವಿಯನ್ನು ಸಂಶಯಿಸುವ ಮೊದಲು ಅವರ ಪರದೆಯ ಬಣ್ಣದ ಹೊಂದಾಣಿಕೆಯನ್ನು ನೋಡಬೇಕು.

ಆರಂಭ ಮತ್ತು ಅಂತ್ಯದ ನಿಖರತೆ ಮುಖ್ಯವಾದಲ್ಲಿ ಘಟನೆಯನ್ನು ಸ್ಪೆಕ್ಟ್ರೋಗ್ರಾಮ್‌ನಲ್ಲಿ ಹುಡುಕಿ, ಮಾರ್ಕರ್ ಅನ್ನು ತರಂಗರೂಪದ ಮೇಲೆ ಇಡಬೇಕು. ಹಿನ್ನೆಲೆಯ ಗದ್ದಲದಿಂದಾಗಿ ತರಂಗರೂಪದಲ್ಲಿ ಏನೂ ಕಾಣದಿದ್ದರೆ ವಿಂಡೋವನ್ನು 256ಕ್ಕೆ ಇಳಿಸಿದಾಗ ಹರಡುವಿಕೆ 6 ಮಿಲಿಸೆಕೆಂಡ್‌ಗೆ ಬರುತ್ತದೆ.

ನನಗೆ ಗೊತ್ತಿರುವ 440 ಹರ್ಟ್ಸ್ ಸ್ವರವನ್ನು ಮಾರ್ಕರ್ 430.7 ಎಂದು ತೋರಿಸುತ್ತದೆ. ಉಪಕರಣ ಕೆಟ್ಟಿದೆಯೇ?

ಇಲ್ಲ. 44,100 ಅನ್ನು 2048ರಿಂದ ಭಾಗಿಸಿದರೆ 21.53, ಆವರ್ತನದ ಅಕ್ಷ ಅಷ್ಟಷ್ಟು ಹರ್ಟ್ಸ್‌ನ ಮೆಟ್ಟಿಲುಗಳಲ್ಲಿ ಇದೆ. 20ನೇ ಮೆಟ್ಟಿಲು 430.7ರಲ್ಲಿ, 21ನೆಯದು 452.2ರಲ್ಲಿ ಬರುತ್ತದೆ. ಹತ್ತಿರದ ಮೆಟ್ಟಿಲನ್ನಷ್ಟೇ ಓದುವ ಮಾರ್ಕರ್‌ಗೆ 440 ಎಂದು ಹೇಳುವ ದಾರಿಯೇ ಇಲ್ಲ.

ಪರಿಹಾರಗಳು ಎರಡಿವೆ. ತುದಿಯ ಮೆಟ್ಟಿಲು ಮತ್ತು ಅದರ ಎರಡು ನೆರೆಯ ಮೆಟ್ಟಿಲುಗಳ ಡೆಸಿಬೆಲ್ ಬೆಲೆಗಳ ಮೂಲಕ ಒಂದು ಪ್ಯಾರಾಬೋಲಾ ಹಾಯಿಸಿ ಅದರ ಶೃಂಗವನ್ನು ಓದುವುದು ಒಂದು. ಏಕಾಂಗಿ ಸ್ವರಕ್ಕೆ ಇದು ಮೆಟ್ಟಿಲಿನ ಸಣ್ಣ ಅಂಶದಷ್ಟು ನಿಖರತೆ ಕೊಡುತ್ತದೆ. ತುಣುಕಿನ ಕೊನೆಗೆ ಸೊನ್ನೆಗಳನ್ನು ಸೇರಿಸಿ ನಾಲ್ಕು ಪಟ್ಟು ಉದ್ದ ಮಾಡುವುದು ಇನ್ನೊಂದು. ಆಗ ಮೆಟ್ಟಿಲು 5.38 ಹರ್ಟ್ಸ್‌ಗೆ ಇಳಿದು, ಮಾರ್ಕರ್ 441.4 ಎಂದು ತೋರಿಸುತ್ತದೆ. ಸೊನ್ನೆ ಸೇರಿಸುವುದರಿಂದ ಚಿತ್ರ ನುಣ್ಣಗಾಗುತ್ತದೆಯೇ ಹೊರತು ಬೇರ್ಪಡಿಸುವ ಶಕ್ತಿ ಹೆಚ್ಚುವುದಿಲ್ಲ. 440 ಮತ್ತು 450 ಹರ್ಟ್ಸ್‌ನ ಎರಡು ಸ್ವರಗಳು ಒಟ್ಟಿಗೆ ಮೊಳಗುತ್ತಿದ್ದರೆ ಎಷ್ಟು ಸೊನ್ನೆ ಸೇರಿಸಿದರೂ ಅವು ಒಂದೇ ಪಟ್ಟೆಯಾಗಿ ಉಳಿಯುತ್ತವೆ; ಎರಡು ಗೆರೆಗಳಾಗಿ ಕಾಣಲು ವಿಂಡೋವನ್ನೇ 16,384ರಷ್ಟಕ್ಕೆ ಏರಿಸಬೇಕು. ಅದರ ಬೆಲೆಯಾಗಿ 0.37 ಸೆಕೆಂಡಿನೊಳಗಿನ ಕಾಲದ ವಿವರಗಳು ಮಸುಕಾಗುತ್ತವೆ.

ಮಾರ್ಕರ್ ಓದುವ ಮಟ್ಟ ನಿಜಕ್ಕಿಂತ ಒಂದು ಡೆಸಿಬೆಲ್ ಕಡಿಮೆ ಇರುವುದೇಕೆ?

ಮೇಲಿನ ಕಾರಣವೇ. ಸ್ವರ ಎರಡು ಮೆಟ್ಟಿಲುಗಳ ನಡುವೆ ಬಿದ್ದಾಗ ಅದರ ನಿಜವಾದ ತುದಿಯನ್ನು ಯಾವ ಮೆಟ್ಟಿಲೂ ಮುಟ್ಟುವುದಿಲ್ಲ. ಹ್ಯಾನ್ ವಿಂಡೋದಲ್ಲಿ ಈ ಕೊರತೆ ಗರಿಷ್ಠ 1.42 ಡೆಸಿಬೆಲ್, ವಿಂಡೋ ಬಳಸದೆ ಹಾಗೆಯೇ ಕತ್ತರಿಸಿದರೆ 3.92. ಮಟ್ಟವನ್ನು ಅಳೆಯುವುದೇ ಉದ್ದೇಶವಾಗಿದ್ದರೆ ಫ್ಲಾಟ್‌ಟಾಪ್ ವಿಂಡೋ ಬಳಸಬೇಕು, ಅದರಲ್ಲಿ ಈ ಕೊರತೆ ನಗಣ್ಯ. ಆದರೆ ಗೆರೆಗಳು ದಪ್ಪವಾಗುವುದರಿಂದ ನೋಡುವುದಕ್ಕೆ ಅದು ಹಿತವಲ್ಲ.

ರೇಡಿಯೋ ವಾಟರ್‌ಫಾಲ್‌ನಲ್ಲಿ ಸಂಕೇತ ಗದ್ದಲಕ್ಕಿಂತ ಎಷ್ಟು ಮೇಲಿದೆ ಎಂದು ಮಾರ್ಕರ್‌ನಿಂದ ಹೇಳಬಹುದೇ?

ವಾಟರ್‌ಫಾಲ್ ಎಂಬುದು ಅಕ್ಷಗಳನ್ನು ಅದಲುಬದಲು ಮಾಡಿದ ಸ್ಪೆಕ್ಟ್ರೋಗ್ರಾಮ್ ಆದ್ದರಿಂದ ಬಣ್ಣದ ಹೊಂದಾಣಿಕೆಯೆಲ್ಲ ಅದೇ ರೀತಿ. ಎರಡು ಕ್ಯಾರಿಯರ್‌ಗಳ (ಸಂಕೇತ ಹೊತ್ತೊಯ್ಯುವ ರೇಡಿಯೋ ಅಲೆಗಳ) ಮಟ್ಟವನ್ನು ಡೆಲ್ಟಾ ಮಾರ್ಕರ್‌ನಿಂದ ನೇರವಾಗಿ ಹೋಲಿಸಬಹುದು. ಸಂಕೇತಕ್ಕೂ ಗದ್ದಲಕ್ಕೂ ಇರುವ ಅಂತರವನ್ನು ಹಾಗೆ ಹೇಳುವಂತಿಲ್ಲ, ಏಕೆಂದರೆ ಗದ್ದಲದ ಬೆಲೆ ಮೆಟ್ಟಿಲಿನ ಅಗಲವನ್ನು ಅವಲಂಬಿಸಿದೆ. ನಾಯ್ಸ್ ಮಾರ್ಕರ್ ಅದನ್ನು 1 ಹರ್ಟ್ಸ್‌ಗೆ ಇಳಿಸಿ ಹೇಳುತ್ತದೆ. ಕೈಯಾರೆ ಲೆಕ್ಕ ಹಾಕುವುದಾದರೆ, ಹ್ಯಾನ್ ವಿಂಡೋದ ಪರಿಣಾಮಕಾರಿ ಅಗಲ 1.5 ಮೆಟ್ಟಿಲು, ನಮ್ಮ ಉದಾಹರಣೆಯಲ್ಲಿ 32.3 ಹರ್ಟ್ಸ್, ಡೆಸಿಬೆಲ್‌ನಲ್ಲಿ 15.1. ಮೆಟ್ಟಿಲೊಂದಕ್ಕೆ -80 ಎಂದು ಓದಿದ ಗದ್ದಲ, ಹರ್ಟ್ಸ್ ಒಂದಕ್ಕೆ -95.1 ಆಗುತ್ತದೆ. ಗದ್ದಲದ ಮಟ್ಟವನ್ನು ಒಂದೇ ಚುಕ್ಕೆಯಿಂದ ಓದದೆ, ಅಕ್ಕಪಕ್ಕದ ಹತ್ತಾರು ಮೆಟ್ಟಿಲುಗಳ ಸರಾಸರಿ ತೆಗೆದುಕೊಳ್ಳಬೇಕು.

ಹಾಕಿದ ಗುರುತುಗಳನ್ನು ಬೇರೆ ತಂತ್ರಾಂಶಕ್ಕೆ ಒಯ್ಯಬಹುದೇ?

ಒಯ್ಯಬಹುದು. ಆಡಾಸಿಟಿಯಲ್ಲಿ ಆಯ್ಕೆ ಮಾಡಿದ ಭಾಗಕ್ಕೆ ಕಂಟ್ರೋಲ್ ಮತ್ತು ಬಿ ಒತ್ತಿದರೆ ಲೇಬಲ್ ಸೇರುತ್ತದೆ. ಧ್ವನಿ ಓಡುತ್ತಿರುವಾಗಲೇ ಸೇರಿಸಲು ಕಂಟ್ರೋಲ್ ಮತ್ತು ಎಂ. ರಫ್ತು ಮಾಡಿದ ಪಠ್ಯ ಫೈಲ್‌ನ ಪ್ರತಿ ಸಾಲಿನಲ್ಲಿ ಆರಂಭ, ಅಂತ್ಯ, ಹೆಸರು ಎಂಬ ಮೂರು ಅಂಶಗಳು ಟ್ಯಾಬ್‌ನಿಂದ ಬೇರ್ಪಟ್ಟಿರುತ್ತವೆ. ಆವರ್ತನದ ಎಲ್ಲೆಯನ್ನೂ ಆಯ್ದಿದ್ದರೆ, ಹಿಂಬಾಗಿದ ಗೆರೆಯಿಂದ (ಬ್ಯಾಕ್‌ಸ್ಲ್ಯಾಶ್) ಆರಂಭವಾಗುವ ಎರಡನೆಯ ಸಾಲು ಬರುತ್ತದೆ. ಮೂರು ಕಂಬಗಳಷ್ಟೇ ಇವೆ ಎಂದು ನಂಬಿ ಬರೆದ ಸ್ಕ್ರಿಪ್ಟ್‌ಗಳು ಎಡವುವುದು ಈ ಸಾಲಿನಲ್ಲಿಯೇ. ರೇವನ್‌ನ ಸೆಲೆಕ್ಷನ್ ಟೇಬಲ್ ಕೂಡ ಟ್ಯಾಬ್ ಬಳಸುವ ಪಠ್ಯವೇ, ಅದರಲ್ಲಿ ಆರಂಭ ಮತ್ತು ಅಂತ್ಯದ ಕಾಲಗಳ ಜೊತೆಗೆ ಕೆಳಗಿನ ಮತ್ತು ಮೇಲಿನ ಆವರ್ತನಗಳಿಗೂ ಕಂಬಗಳಿವೆ. ಪ್ರಾಟ್‌ನ ಟೆಕ್ಸ್ಟ್‌ಗ್ರಿಡ್‌ನಲ್ಲಿ ಅವಧಿಗಳಿಗೆ ಒಂದು ಬಗೆಯ, ಬಿಂದುಗಳಿಗೆ ಇನ್ನೊಂದು ಬಗೆಯ ಪದರವಿದ್ದು, ಆವರ್ತನಕ್ಕೆ ಜಾಗವಿಲ್ಲ. ಚೌಕಗಳನ್ನು ಅಲ್ಲಿಗೆ ಒಯ್ದರೆ ಆ ಮಾಹಿತಿ ಕಳೆದುಹೋಗುತ್ತದೆ. ಮೂಲ ಫೈಲನ್ನು ಅಳಿಸದೆ ಇಟ್ಟುಕೊಳ್ಳಿ.

ಮಾರ್ಕರ್‌ಗಳು ಚಿತ್ರದ ಬಣ್ಣಗಳಲ್ಲಿ ಕಳೆದುಹೋಗುತ್ತವೆ. ಯಾವ ಬಣ್ಣ ಕೊಡಬೇಕು?

ಬಣ್ಣಪಟ್ಟಿಯಲ್ಲಿ ಇಲ್ಲದ ಬಣ್ಣವನ್ನು ಕೊಡಬೇಕು. ಮ್ಯಾಗ್ಮಾ, ಇನ್‌ಫರ್ನೋಗಳ ಮೇಲೆ ತಿಳಿನೀಲಿ ಅಥವಾ ತಿಳಿಹಸಿರು ಎದ್ದು ಕಾಣುತ್ತದೆ. ಬೂದುಪಟ್ಟಿಯ ಮೇಲೆ ಕೆಂಪು. ಯಾವ ಹಿನ್ನೆಲೆಗೂ ಹೊಂದುವ ಉಪಾಯವೆಂದರೆ ಕಪ್ಪು ಅಂಚುಳ್ಳ ಬಿಳಿ ಗೆರೆ. ಚೌಕದ ಒಳಭಾಗಕ್ಕೆ ಅರೆಪಾರದರ್ಶಕ ಬಣ್ಣ ತುಂಬುವ ಆಯ್ಕೆಯನ್ನು ನಿಲ್ಲಿಸಿಬಿಡಿ: ಅದು ಕೆಳಗಿರುವ ಬಣ್ಣದೊಂದಿಗೆ ಬೆರೆತು, ಗುರುತು ಹಾಕಿದ ಭಾಗದ ತೀವ್ರತೆಯನ್ನೇ ತಪ್ಪಾಗಿ ತೋರಿಸುತ್ತದೆ.

ಚಿತ್ರವನ್ನು ಇತರರಿಗೆ ಕೊಡುವಾಗ ಏನೇನು ಬರೆದಿರಬೇಕು?

ಸ್ಯಾಂಪಲ್ ದರ, ವಿಂಡೋದ ಬಗೆ ಮತ್ತು ಗಾತ್ರ, ತುಣುಕುಗಳು ಒಂದರ ಮೇಲೊಂದು ಹಾಯುವ ಪ್ರಮಾಣ, ಬಣ್ಣಪಟ್ಟಿಯ ಎರಡು ತುದಿಗಳ ಡೆಸಿಬೆಲ್ ಬೆಲೆ, ಮೇಲಿನ ಆವರ್ತನಗಳನ್ನು ಎತ್ತಿದ್ದರೆ ಅದರ ಪ್ರಮಾಣ ಇವು ಬೇಕೇ ಬೇಕು. ಚಿತ್ರದ ಪಕ್ಕದಲ್ಲಿ ಸಂಖ್ಯೆಗಳಿರುವ ಬಣ್ಣಪಟ್ಟಿಯನ್ನು ಮುದ್ರಿಸಿದರೆ ಇದರಲ್ಲಿ ಅರ್ಧ ಕೆಲಸ ಮುಗಿದಂತೆ. ಎರಡು ಚಿತ್ರಗಳನ್ನು ಅಕ್ಕಪಕ್ಕ ಇಡುವುದಾದರೆ ಎರಡಕ್ಕೂ ಒಂದೇ ಪಟ್ಟಿ, ಒಂದೇ ತುದಿಬೆಲೆಗಳು ಇರಬೇಕು. ಫೈಲನ್ನು ಪಿಎನ್‌ಜಿ ರೂಪದಲ್ಲಿ ಉಳಿಸಿ. ಜೆಪೆಗ್ ತನ್ನ ಸಂಕೋಚನದಲ್ಲಿ ತೆಳುವಾದ ಹಾರ್ಮೋನಿಕ್ ಗೆರೆಗಳ ಸುತ್ತ ಇಲ್ಲದ ಮಸುಕನ್ನು ಸೇರಿಸುತ್ತದೆ, ಮತ್ತು ನೋಡುವವರು ಅದನ್ನು ಗದ್ದಲವೆಂದೇ ಓದುತ್ತಾರೆ.